ಕರಿ ಕೊಡೆ, ಬಿಳಿ ಗೋಡೆ

ಸೆಲ್ಲಿನ ಮುಚ್ಚಳ ತೆರೆದರೆ ಒಳಗೆಲ್ಲ ಹಸಿರು ಕಿಲುಬು.
ಹುಣಸೆಹುಳಿ ಹಚ್ಚಿ ಉಜ್ಜಿದೆ,
ತಾಮ್ರದ ಚೊಂಬಿಗೆ ಮಾಡುವಂತೆ, ಹಳೇ ಟೂತ್‌ಬ್ರಷ್ಷಲ್ಲಿ.
ನಾಲ್ಕು ಸ್ಪ್ರಿಂಗುಗಳಲ್ಲಿ ಮೂರು ಹೊಳೆದವು.
ನಾಲ್ಕನೆಯದಕ್ಕೆ ಸಿಗರೇಟು ಪ್ಯಾಕಿನ ಬೆಳ್ಳಿಕಾಗದ
ಮಡಿಸಿ ತುರುಕಿದೆ.

ಎಸ್.ಪಿ. ರೋಡಿನ ಅಮಾನುಲ್ಲಾ
ಮೀಟರಿನ ಎರಡು ಮುಳ್ಳುಗಳನ್ನು ಅದರ ಪಾದಕ್ಕೆ ಒತ್ತಿ
‘ನೂರಾ ತೊಂಬತ್ತು ವೋಲ್ಟು’ ಅಂದ.
‘ಹೊಸ ಕ್ಯಾಮೆರಾ ತಲೆ ಮೇಲೆ ಕೂರಿಸ್ಬೇಡಿ ಮೇಡಂ,
ಹೊಟ್ಟೆ ಸುಟ್ಟೋಗ್ತದೆ ಅದರದ್ದು.
ಆಟೋ ಬದುಕಿದೆಯಾ ಅಂತ ಮನೇಲೇ ನೋಡ್ಕೊಳ್ಳಿ.
ಬಿಳೀದು ತೋರ್ಸಿ. ಕರೀದು ತೋರ್ಸಿ. ಕಣ್ಣು ಮುಚ್ಚಿ ನೋಡಿ.
ಎಲ್ಲಕ್ಕೂ ಒಂದೇ ಥರ ಹೊಡೆದ್ರೆ, ಹೋಗಿದೆ ಅಂತ.’
ದುಡ್ಡು ಮುಟ್ಟಲಿಲ್ಲ. ಟೀ ತರಿಸಿದ.

ಅದಕ್ಕೊಂದು ಕಣ್ಣಿದೆ, ಮುಂದುಗಡೆ,
ಹುರಳಿಕಾಳಿನಷ್ಟು.
ಹೋದ ಬೆಳಕು ಎದುರಿಗಿದ್ದದ್ದಕ್ಕೆ ಬಡಿದು ಮರಳುವಾಗ
ಅಳೆದು ನೋಡುತ್ತದೆ. ತುಂಬಿತು ಅನಿಸಿದ ಗಳಿಗೆ
ಸಾಕು ಎನ್ನುತ್ತದೆ.
ಮದುವೆ ಊಟದಲ್ಲಿ ಎಲೆಗೆ ಅಂಗೈ ಅಡ್ಡ ಹಿಡಿಯುತ್ತಾರಲ್ಲ, ಹಾಗೆ.
ಸೌಟು ಅಲ್ಲೇ ನಿಲ್ಲಬೇಕು.

ದೊರೆಸ್ವಾಮಿ ಆ ಅಂಗೈಗಳನ್ನೇ ಎಷ್ಟು ತೆಗೆದರೋ.
ಹಲಸೂರು, ಶ್ರೀರಾಂಪುರ, ಬಿನ್ನಿಪೇಟೆ,
ಛತ್ರದಿಂದ ಛತ್ರಕ್ಕೆ. ಸ್ಕೂಟರಿನ ಹಿಂದೆ ನಾನು,
ತೊಡೆಯ ಮೇಲೆ ಟವೆಲ್ಲು ಸುತ್ತಿದ ಈ ಫ್ಲ್ಯಾಶು.
‘ಎತ್ತರಕ್ಕೆ ಹಿಡಿ ಪುಟ್ಟಾ, ಮದುಮಗಳ ಮೂಗುತಿ ಉರೀಬಾರದು.’
ತೋಳು ಸೋತರೂ ನಾನು ಬಾಯಿ ಬಿಡುತ್ತಿರಲಿಲ್ಲ.

ಶಾಲೆಗೆ ಸೇರಿಸಿದ ದಿನ ಗುಮಾಸ್ತ ಕೇಳಿದ,
‘ಇವಳು ನಿಮಗೆ ಏನಾಗಬೇಕು?’
‘ಸಾಕುಮಗಳು.’
ಕಾಲಂ ಚಿಕ್ಕದು. ‘ಸಾಕು’ ಎಂದು ಬರೆದು ನಿಲ್ಲಿಸಿದ.
ಮಗಳು ಹಿಡಿಸಲಿಲ್ಲ.
ಬೀದಿ ಮುಗಿಯುವವರೆಗೂ ನಕ್ಕರು ದೊರೆಸ್ವಾಮಿ.
ನನಗೆ ನಗು ಬಂದದ್ದು ಹತ್ತನೇ ಕ್ಲಾಸಿನಲ್ಲಿ.

ಸರಿ, ಹೊಸ ಪೆನ್ಸಿಲ್ ಸೆಲ್ಲು ನಾಲ್ಕು.
ಕುಂಯ್ ಎಂದು ಏರುತ್ತದೆ, ಸೊಳ್ಳೆ ಸಣ್ಣಗಾಗುತ್ತ ಹೋದಂತೆ.
ಮೇಲಿನ ಕೊನೆಯ ಸ್ವರ ಈಗ ನನ್ನ ಕಿವಿಗೆ ಸಿಗುವುದಿಲ್ಲ,
ಬೆನ್ನ ಮೇಲೆ ಕಿತ್ತಳೆ ದೀಪ ಹತ್ತಿತು, ಅಷ್ಟೇ ಗೊತ್ತು.

ಬಿಳಿ ಗೋಡೆ, ಮೊಳದ ದೂರ:
ಟಿಕ್.
ಲೊಚಗುಟ್ಟಿದಷ್ಟು. ದೀಪ ಅಲುಗಲೂ ಇಲ್ಲ.

ಕರಿ ಕೊಡೆ. ಮನೆಯೊಳಗೆ ಬಿಚ್ಚಬಾರದಂತೆ, ಬಿಚ್ಚಿದೆ,
ಮಂಚದ ಮೇಲೆ ಕೂರಿಸಿದೆ:
ಟಪ್.
ದೀಪ ಆರಿತು. ಎಣಿಸಿದೆ. ನಾಲ್ಕಕ್ಕೆ ಮತ್ತೆ ಹತ್ತಿತು.

ಕಣ್ಣಿನ ಮೇಲೆ ಹೆಬ್ಬೆರಳು ಒತ್ತಿ:
ಧಪ್!
ಕ್ಯಾಲೆಂಡರಿನ ತಾರೀಖೆಲ್ಲ ನನ್ನ ರೆಪ್ಪೆಯೊಳಗೆ ನೀಲಿಯಾಗಿ ಈಜಿದವು,
ಸುಟ್ಟ ಧೂಳಿನ ವಾಸನೆ.
ಹನ್ನೊಂದು.

ಅಮಾನುಲ್ಲಾನ ಪಟ್ಟಿ ಇಲ್ಲಿಗೆ ಮುಗಿಯಿತು.

ಊಟ ಆದ ಮೇಲೆ ತಾರಸಿಗೆ ಹೋದೆ.
ಕೊನೆಯ ಮೆಟ್ರೊ ಖಾಲಿ ಸೀಟುಗಳನ್ನು ಬೆಳಗಿಸಿಕೊಂಡು ಹೋಯಿತು.
ಫ್ಲ್ಯಾಶನ್ನು ಎತ್ತರಕ್ಕೆ ಹಿಡಿದೆ, ಹಳೇ ಅಭ್ಯಾಸ,
ಟ್ಯಾಂಕಿನ ಪಕ್ಕ, ಏನೂ ಇಲ್ಲದ ಕಡೆಗೆ.
ಒತ್ತಿದೆ.
ಮುಟ್ಟಿ ವಾಪಸು ಬರುವುದಕ್ಕೆ ಎದುರಿಗೆ ಯಾರೂ ಇಲ್ಲ.
ಕಾಯುತ್ತ ಕಾಯುತ್ತ ಇದ್ದದ್ದೆಲ್ಲ ಸುರಿದುಬಿಟ್ಟಿತು.

ಕೆಳಮನೆ ಸಗಾಯಮೇರಿ ಕಿಟಕಿಯಿಂದ ಕೂಗಿದಳು,
‘ಮಿಂಚಾ ಅಕ್ಕಾ? ಬಟ್ಟೆ ತೆಗೀಲಾ?’
‘ಇಲ್ಲಮ್ಮ, ನಾನೇ.’
‘ಓ’ ಅಂದಳು, ಅದೇನೋ ಅರ್ಥವಾದವಳ ಹಾಗೆ.

ಒಳಗೆ ಬಂದು ಪ್ಲಾಸ್ಟರಿನ ತುಂಡಿನ ಮೇಲೆ ಬರೆದು ಅಂಟಿಸಿದೆ:
ಕೆಲಸ ಮಾಡುತ್ತೆ. ಹಳೇ ಕ್ಯಾಮೆರಾಗೆ ಮಾತ್ರ.
ಇಡುವಾಗ ಸೆಲ್ ತೆಗೆದಿಡಿ.
ತೆಗೆದೆ, ನಾಲ್ಕನ್ನೂ. ಬೆಳ್ಳಿಕಾಗದ ಜಾರಿ ಕೆಳಗೆ ಬಿತ್ತು.
ಹುಡುಕೋಣವೆಂದು ದೀಪ ಹಾಕಲು ಎದ್ದವಳು ಹಾಕಲಿಲ್ಲ.
ಸೆಲ್ಲಿಲ್ಲದ ಪೆಟ್ಟಿಗೆಯ ಬೆನ್ನ ಮೇಲೆ
ಆ ಕಿತ್ತಳೆ ಚುಕ್ಕೆ ಇನ್ನೂ ಇತ್ತು.